ನಡಿಗೆಯೂ ಹೊರೆಯೂ

ಬಳ್ಳಾರಿಯ ಬೇಸಗೆಯನ್ನು ಬಲ್ಲವರಿಗೆ ಆ ಊರಿನ ಬೆಳಗಿನ ಎರಡು ಗಂಟೆಗಳ ಬೆಲೆ ಗೊತ್ತು. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪ 40 ಡಿಗ್ರಿಯನ್ನು ದಾಟುವ ಈ ಬಯಲುಸೀಮೆಯಲ್ಲಿ ಮೈದಾನದಲ್ಲಿ ನಾಲ್ಕು ಸುತ್ತು ನಡೆಯಬೇಕೆನ್ನುವವರು ಬಿಸಿಲೇರುವ ಮೊದಲೇ ಮನೆ ಬಿಡಬೇಕು. ಅದೇ ಹೊತ್ತಿನಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಹಮಾಲರು ಹೊರಟಿರುತ್ತಾರೆ. ನಾಟಿಯ ಕಾಲವಾದರೆ ಹೆಂಗಸರು ಗದ್ದೆಗೆ ಇಳಿದಿರುತ್ತಾರೆ. ಒಬ್ಬನು ಮೈ ದಣಿಯಲೆಂದು ನಡೆಯುತ್ತಾನೆ. ಮತ್ತೊಬ್ಬನು ನಿನ್ನೆಯ ದಣಿವನ್ನು ಹೊತ್ತುಕೊಂಡೇ ನಡೆಯುತ್ತಾನೆ. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ದೇಹವನ್ನು ಚಟುವಟಿಕೆಯಲ್ಲಿ ಇಟ್ಟುಕೊಳ್ಳಬೇಕೆಂದು ಸರ್ಕಾರವೂ ಸಂಘ ಸಂಸ್ಥೆಗಳೂ ಹಲವು ಯೋಜನೆಗಳನ್ನು ನಡೆಸುತ್ತಿರುವ ಈ ಕಾಲದಲ್ಲಿ, ಈ ಇಬ್ಬರನ್ನೂ ಒಟ್ಟಿಗೆ ಕಣ್ಣ ಮುಂದೆ ಇಟ್ಟುಕೊಂಡು ವಿಚಾರ ಮಾಡುವುದು ಶ್ರಾವಕ ಸಮಾಜಕ್ಕೆ ಅಗತ್ಯವಾಗಿದೆ.

ಇಂತಹ ಯೋಜನೆಗಳು ಈ ನಾಡಿಗೆ ಹೊಸತೇನೂ ಅಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಗರಡಿಮನೆ ಇತ್ತು. ಕೆಲವೆಡೆ ಇಂದಿಗೂ ಇದೆ. ಊರಿನ ಹುಡುಗರು ಕೆಮ್ಮಣ್ಣಿನ ಅಖಾಡದಲ್ಲಿ ದಂಡ ಬಸ್ಕಿ ತೆಗೆದು ಸಾಮು ಮಾಡುತ್ತಿದ್ದರು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತದಲ್ಲಿತ್ತು. ಭಾರತದ ಮೊದಲ ದೈಹಿಕ ಶಿಕ್ಷಣ ಕಾಲೇಜು ಅದೇ ಮದರಾಸಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯಿಂದ 1920ರಲ್ಲಿ ಆರಂಭವಾಯಿತು. ತುಮಕೂರಿನಲ್ಲಿ 1980ರಲ್ಲಿ ಹುಟ್ಟಿದ ಪತಂಜಲಿ ಯೋಗ ಶಿಕ್ಷಣ ಸಮಿತಿಯು ಕರ್ನಾಟಕದ ಅನೇಕ ಊರುಗಳಲ್ಲಿ ಶುಲ್ಕವಿಲ್ಲದೆ ಬೆಳಗಿನ ಯೋಗ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ವಿಶ್ವಸಂಸ್ಥೆಯ ನಿರ್ಣಯದಂತೆ 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಯಿತು. 2018ರಲ್ಲಿ ಆರಂಭವಾದ, ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಹೆಸರು ಪಡೆದಿರುವ ಕೇಂದ್ರಗಳು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ತಪಾಸಣೆಯ ಜೊತೆಗೆ ಯೋಗಾಭ್ಯಾಸವನ್ನೂ ಹಳ್ಳಿಗಳಿಗೆ ತರಬೇಕೆಂಬ ಉದ್ದೇಶ ಹೊಂದಿವೆ. 2019ರ ಆಗಸ್ಟ್ 29ರಂದು, ಹಾಕಿ ಆಟಗಾರ ಧ್ಯಾನಚಂದರ ಜನ್ಮದಿನದಂದು, ಫಿಟ್ ಇಂಡಿಯಾ ಆಂದೋಲನ ಆರಂಭವಾಯಿತು. 2024ರ ಡಿಸೆಂಬರಿನಿಂದ ಅದರ ಅಂಗವಾಗಿ ಭಾನುವಾರದ ಸೈಕಲ್ ಸವಾರಿಯೂ ಸೇರಿಕೊಂಡಿತು. ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿದ, ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯೂ ಒಂದು ಅರ್ಥದಲ್ಲಿ ಇದೇ ಸಾಲಿಗೆ ಸೇರುತ್ತದೆ. ಕುರುಗೋಡು, ಸಿರುಗುಪ್ಪಗಳಂತಹ ತಾಲ್ಲೂಕುಗಳ ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ದಾರಿಯನ್ನು ಹತ್ತಿರ ಮಾಡಿದ ಆ ಯೋಜನೆಯು ಕೋವಿಡ್ ವರ್ಷಗಳಲ್ಲಿ ನಿಂತುಹೋಯಿತು.

ಇಷ್ಟೆಲ್ಲ ಇದ್ದರೂ ಫಲವೇನು ಎಂದು ಲೆಕ್ಕ ತೆಗೆದರೆ ಖರ್ಚಿನ ಬದಿಯೇ ದೊಡ್ಡದಾಗಿ ಕಾಣುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪ್ರಕಟಿಸಿದ ಅಂದಾಜಿನಂತೆ, 2000ನೆಯ ಇಸವಿಯಲ್ಲಿ ಭಾರತದ ವಯಸ್ಕರಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಶೇ. 22ರಷ್ಟಿದ್ದರೆ, 2022ರ ಹೊತ್ತಿಗೆ ಅವರ ಪ್ರಮಾಣ ಸುಮಾರು ಶೇ. 49ಕ್ಕೆ ಏರಿತ್ತು. ಹೆಂಗಸರಲ್ಲಿ ಅದು ಶೇ. 57, ಗಂಡಸರಲ್ಲಿ ಶೇ. 42. ಇಡೀ ಜಗತ್ತಿನ ಸರಾಸರಿ ಶೇ. 31. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು: ಬಿಡುವಿನ ವೇಳೆಯಲ್ಲಿ ಆಟವಾಗಲಿ ವ್ಯಾಯಾಮವಾಗಲಿ ಮಾಡುವುದೇ ಇಲ್ಲವೆಂದವರು ಆ ನಾಲ್ಕೂ ಕಡೆ ನೂರಕ್ಕೆ 88ಕ್ಕಿಂತ ಹೆಚ್ಚು. 2023ರಲ್ಲಿ ಅದೇ ಮಂಡಳಿಯ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು. ವ್ಯಾಪಾರಸ್ಥ ಮನೆತನಗಳಿಗೆ ಈ ಕೊನೆಯ ಸಂಖ್ಯೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮನೆಮನೆಯಲ್ಲಿ ಮಾತ್ರೆಯ ಡಬ್ಬಿಯಿದೆ.

ವಿಷಯ ಇಷ್ಟು ಸ್ಪಷ್ಟವಾಗಿದ್ದರೂ ಧರ್ಮಭೀರುಗಳಾದ ಕೆಲವು ಶ್ರಾವಕರಲ್ಲಿ ಒಂದು ಸಂದೇಹ ಉಳಿದಿರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ದೇಹವು ಪುದ್ಗಲ, ಆತ್ಮವು ಅದರಿಂದ ಬೇರೆ. ದೇಹದ ಮೇಲಿನ ಮಮಕಾರವನ್ನು ಕಡಿಮೆ ಮಾಡಿಕೊಳ್ಳಬೇಕೆಂದು ಉಪದೇಶಿಸುವ ಧರ್ಮದಲ್ಲಿ, ಆ ದೇಹವನ್ನು ಪೋಷಿಸುವ ವ್ಯಾಯಾಮಕ್ಕೆ ದೇವಸ್ಥಾನದ ಟ್ರಸ್ಟುಗಳು ಸ್ಥಳವನ್ನೋ ಹಣವನ್ನೋ ಕೊಡುವುದು ಸರಿಯೇ? ಅಷ್ಟೇ ಅಲ್ಲ, ಅನರ್ಥದಂಡವಿರತಿಯೆಂಬ ಗುಣವ್ರತವು ಪ್ರಯೋಜನವಿಲ್ಲದ ಪಾಪಕ್ರಿಯೆಗಳನ್ನು ಬಿಡಬೇಕೆನ್ನುತ್ತದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಒಂದು ಭೇದವಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರು ಬೆಂಕಿ ಗಾಳಿಗಳನ್ನು ಕದಡುವುದು, ಗಿಡವನ್ನು ಕತ್ತರಿಸುವುದು ಮುಂತಾದವುಗಳ ಜೊತೆಗೆ ಸುಮ್ಮನೆ ತಿರುಗಾಡುವುದನ್ನೂ ತಿರುಗಾಡಿಸುವುದನ್ನೂ ಎಣಿಸಿದ್ದಾರೆ. ಹಾಗಾದರೆ ಎಲ್ಲಿಗೂ ಹೋಗದೆ ಮೈದಾನದ ಸುತ್ತ ಸುತ್ತುವ ನಡಿಗೆಯು ಪ್ರಮಾದಚರ್ಯೆಯೇ ಆಗಲಿಲ್ಲವೇ?

ಈ ಪ್ರಶ್ನೆಗೆ ಉತ್ತರ ಅದೇ ವ್ರತದ ಹೆಸರಿನಲ್ಲಿಯೇ ಇದೆ. ಅಲ್ಲಿ ನಿಷೇಧಿಸಿರುವುದು ಚಲನೆಯನ್ನಲ್ಲ, ಅರ್ಥವಿಲ್ಲದ ಚಲನೆಯನ್ನು. ಆದುದರಿಂದ ಪ್ರತಿಯೊಂದು ನಡೆಗೂ ಪ್ರಯೋಜನವೇನೆಂದು ಕೇಳಬೇಕಾಗುತ್ತದೆ. ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ದಿನಕ್ಕೆ ಅರ್ಧ ಗಂಟೆ ನಡೆದು, ಅದರಿಂದ ಸಾಮಾಯಿಕಕ್ಕೆ ನೆಲದ ಮೇಲೆ ಕುಳಿತು ಯಾರ ಕೈಯನ್ನೂ ಹಿಡಿಯದೆ ಏಳಬಲ್ಲರಾದರೆ, ಬಸದಿಯ ಮೆಟ್ಟಿಲನ್ನು ತಾವೇ ಏರಬಲ್ಲರಾದರೆ, ಆ ನಡಿಗೆಗೆ ಪ್ರಯೋಜನವಿದೆ. ತನ್ನ ಅಲಕ್ಷ್ಯದಿಂದ ಬಂದ ರೋಗದ ಶುಶ್ರೂಷೆಯನ್ನು ಸೊಸೆಯ ಮೇಲೆ ಹತ್ತು ವರ್ಷ ಹೇರದಿರುವುದೂ ಪ್ರಯೋಜನವೇ. ಅದಕ್ಕೆ ಬದಲಾಗಿ, ಮನೆಯಿಂದ ಇನ್ನೂರು ಗಜ ದೂರದ ಅಂಗಡಿಗೆ ಸ್ಕೂಟರ್ ಹತ್ತಿ ಹೋಗುವ ಕ್ರಿಯೆಯನ್ನು ಇದೇ ಅಳತೆಗೋಲಿನಿಂದ ಅಳೆದರೆ ಏನಾಗುತ್ತದೆ? ಪೆಟ್ರೋಲು ಉರಿಯುತ್ತದೆ, ಅಗ್ನಿಕಾಯ, ವಾಯುಕಾಯ ಜೀವಗಳಿಗೆ ಘಾತವಾಗುತ್ತದೆ, ಕಣ್ಣಿಗೆ ಕಾಣದ ವೇಗದಲ್ಲಿ ಚಕ್ರದಡಿ ಸಣ್ಣ ಜೀವಿಗಳು ಸಾಯುತ್ತವೆ. ಕಾಲು ಗಟ್ಟಿಯಾಗಿರುವವನಿಗೆ ಇದರ ಅಗತ್ಯವೇನೂ ಇರಲಿಲ್ಲ. ಪ್ರಮಾದಚರ್ಯೆಯ ಮಾತು ನಡೆಯುವವನಿಗಿಂತ ಮೊದಲು ನಡೆಯದವನನ್ನೇ ತಟ್ಟುತ್ತದೆ.

ದೇಹದ ಮಮಕಾರದ ಪ್ರಶ್ನೆಯನ್ನೂ ಹೀಗೆಯೇ ನೋಡಬಹುದು. ಮಹಾಕವಿ ಪಂಪನು ಹತ್ತನೆಯ ಶತಮಾನದಲ್ಲಿ ಆದಿಪುರಾಣದಲ್ಲಿ ಕಾವ್ಯವಾಗಿಸಿದ ಭರತ ಬಾಹುಬಲಿಯರ ಕಥೆ ಎಲ್ಲರಿಗೂ ತಿಳಿದದ್ದೇ. ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ, ಸಾವಿರಾರು ಜನರ ಪ್ರಾಣಹಾನಿಯನ್ನು ತಪ್ಪಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣತಮ್ಮಂದಿರಿಬ್ಬರೇ ಸೆಣಸಬೇಕೆಂದು ನಿಶ್ಚಯವಾಯಿತು. ಪಳಗಿದ ದೇಹಗಳೆರಡು ಎದುರಾಳಿಗಳಾಗಿ ನಿಂತುದರಿಂದ ಹಿಂಸೆಯು ತಗ್ಗಿತು. ಗೆದ್ದ ಬಾಹುಬಲಿಯು ಗೆಲುವನ್ನು ತ್ಯಜಿಸಿ ಕಾಯೋತ್ಸರ್ಗದಲ್ಲಿ ಒಂದು ವರ್ಷ ನಿಂತನು. ಬಳ್ಳಿಗಳು ಅವನ ತೋಳುಗಳನ್ನು ಸುತ್ತಿದವು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲಿನ 58 ಅಡಿಯ ಮೂರ್ತಿಯು ತೋರಿಸುವ ನಿಶ್ಚಲತೆ ಅದು. ಗಾದಿಯ ಮೇಲೆ ಲೋಡಿಗೆ ಒರಗಿ, ಬೆಳಿಗ್ಗೆ ಹತ್ತರಿಂದ ರಾತ್ರಿಯವರೆಗೆ ಏಳದೆ ಕುಳಿತಿರುವ ನಿಶ್ಚಲತೆಯನ್ನು ಅದಕ್ಕೆ ಹೋಲಿಸಲಾಗದು. ಒಂದು ದೇಹವನ್ನು ತ್ಯಜಿಸಿದ ನಿಲುವು. ಇನ್ನೊಂದು ದೇಹದ ಸುಖವನ್ನು ಬಿಡಲಾರದ ನಿಲುವು. ಆ ಮೂರ್ತಿಯ ದರ್ಶನಕ್ಕಾದರೂ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕೆಂಬುದು ನೆನಪಿಡತಕ್ಕ ಸಂಗತಿ.

ತ್ಯಾಗಿಗಳ ಜೀವನವೂ ಇದಕ್ಕೆ ಸಾಕ್ಷಿ. ಇಂದಿನ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರರು (1872–1955) ದಕ್ಷಿಣದಿಂದ ಉತ್ತರ ಭಾರತದವರೆಗೆ ಕಾಲ್ನಡಿಗೆಯಲ್ಲಿ ವಿಹಾರ ಮಾಡಿದರು. ಅದೇ ಜಿಲ್ಲೆಯ ಸದಲಗದಲ್ಲಿ 1946ರಲ್ಲಿ ಜನಿಸಿ, 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು, 2024ರ ಫೆಬ್ರವರಿಯಲ್ಲಿ ಡೊಂಗರಗಢದಲ್ಲಿ ದೇಹತ್ಯಾಗ ಮಾಡಿದ ಆಚಾರ್ಯ ವಿದ್ಯಾಸಾಗರರೂ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದೇ ಸಂಚರಿಸಿದರು. ಅವರು ಆರೋಗ್ಯಕ್ಕಾಗಿ ನಡೆದವರಲ್ಲ. ಆದರೆ ನಡಿಗೆಯಲ್ಲಿ ಧರ್ಮವಿದೆಯೆಂಬುದಕ್ಕೆ ಅವರ ಈರ್ಯಾಸಮಿತಿಯೇ ಪ್ರಮಾಣ. ಮುಂದಿನ ನೆಲವನ್ನು ನೋಡಿಕೊಂಡು, ಬೆಳಕಿನಲ್ಲಿ, ಜೀವಿಗಳನ್ನು ತುಳಿಯದಂತೆ ಹೆಜ್ಜೆಯಿಡುವ ಆ ನಿಯಮವು ಗೃಹಸ್ಥನಿಗೆ ಪೂರ್ಣವಾಗಿ ಅನ್ವಯಿಸದಿದ್ದರೂ ಅಭ್ಯಾಸಕ್ಕೆ ಒದಗುತ್ತದೆ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಹುಲ್ಲಿನ ಮೇಲೆ ನಸುಗತ್ತಲೆಯಲ್ಲಿ ಓಡುವುದಕ್ಕಿಂತ, ಬೆಳಕು ಹರಿದ ಮೇಲೆ ಚೊಕ್ಕಟವಾದ ಬಯಲಿನಲ್ಲಿ ನೆಲ ನೋಡಿ ನಡೆಯುವುದು ಮೇಲು. ಮಳೆಗಾಲದಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು.

ಇಲ್ಲಿಯವರೆಗಿನ ವಿಚಾರವು ಕುಳಿತಿರುವ ಶ್ರಾವಕನಿಗೆ ಸಮಾಧಾನ ಕೊಡಬಹುದು. ಆದರೆ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಅದರ ಕಷ್ಟದ ಭಾಗ ಇನ್ನು ಮುಂದಿದೆ.

1953ರಲ್ಲಿ ಇಂಗ್ಲೆಂಡಿನ ವೈದ್ಯ ಜೆರಿ ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ ಒಂದು ಪ್ರಬಂಧ ಪ್ರಕಟಿಸಿದರು. ದಿನವಿಡೀ ಕುಳಿತಿರುವ ಡ್ರೈವರುಗಳಿಗೆ ಹೋಲಿಸಿದರೆ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಾಗಿತ್ತು. ದೈಹಿಕ ಚಟುವಟಿಕೆಯ ವಿಜ್ಞಾನಕ್ಕೆ ಇದು ತಳಹದಿಯಾಯಿತು. ಇದರಿಂದ ಒಂದು ತಪ್ಪು ಭಾವನೆಯೂ ಬೆಳೆಯಿತು: ಮೈಮುರಿದು ದುಡಿಯುವವನಿಗೆ ಆರೋಗ್ಯ ತಾನಾಗಿಯೇ ಬರುತ್ತದೆ, ಅವನ ಚಿಂತೆ ಬೇಡ ಎಂದು. ಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಚೀಲ ಹೊರುವವನಿಗೆ ಯಾವ ಯೋಜನೆಯ ಅಗತ್ಯವೂ ಇಲ್ಲವೆಂದು ಬಹಳ ಜನ ಇಂದಿಗೂ ತಿಳಿದಿದ್ದಾರೆ. ಈಚಿನ ಅಧ್ಯಯನಗಳು ಈ ಭಾವನೆಯನ್ನು ಅಲುಗಾಡಿಸಿವೆ. ನೆದರ್ಲೆಂಡ್ಸ್‌ನ ಸಂಶೋಧಕರ ನೇತೃತ್ವದಲ್ಲಿ, ಹಲವು ದೇಶಗಳ ಸುಮಾರು 1 ಲಕ್ಷ 93 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯಂತೆ, ಉದ್ಯೋಗದಲ್ಲಿ ಅತಿ ಹೆಚ್ಚು ದೈಹಿಕ ಶ್ರಮಪಡುವ ಗಂಡಸರಲ್ಲಿ ಅಕಾಲ ಮರಣದ ಸಂಭವವು ಕಡಿಮೆ ಶ್ರಮದ ಉದ್ಯೋಗದವರಿಗಿಂತ ಶೇ. 18ರಷ್ಟು ಹೆಚ್ಚಾಗಿತ್ತು. ಬಡತನ, ಧೂಮಪಾನ ಮೊದಲಾದ ಕಾರಣಗಳು ಇದರಲ್ಲಿ ಎಷ್ಟು ಬೆರೆತಿವೆಯೆಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಆದರೂ ಮೂಲಸಂಗತಿ ಸುಲಭವಾಗಿ ಅರ್ಥವಾಗುವಂತಹುದು. ವ್ಯಾಯಾಮ ಮಾಡುವವನು ತನಗೆ ಸಾಕೆನಿಸಿದಾಗ ನಿಲ್ಲುತ್ತಾನೆ. ಹೊರೆ ಹೊರುವವನು ಲಾರಿ ತುಂಬಿದಾಗ ನಿಲ್ಲುತ್ತಾನೆ. ಒಬ್ಬನ ಶ್ರಮದ ಅಳತೆ ಅವನ ಕೈಯಲ್ಲಿದೆ. ಇನ್ನೊಬ್ಬನದು ಬೇರೆಯವರ ಕೈಯಲ್ಲಿದೆ.

ಬಳ್ಳಾರಿ ಪ್ರದೇಶದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ತುಂಗಭದ್ರೆಯ ನೀರಾವರಿಯಿಂದ ಸಿರುಗುಪ್ಪವು ಭತ್ತದ ಕಣಜವಾಗಿದೆ. ಆ ಭತ್ತ ಚೀಲಕ್ಕೆ ತುಂಬುವುದೂ, ತೂಗುವುದೂ, ಗಿರಣಿಗೆ ಹೋಗುವುದೂ ಮನುಷ್ಯನ ಬೆನ್ನಿನ ಮೇಲೆಯೇ. ಈ ಭಾಗದಲ್ಲಿ ಭತ್ತದ ಧಾರಣೆಯನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಹೇಳುವ ರೂಢಿ ಇದೆ. ಬಳ್ಳಾರಿ ನಗರವೋ ಜೀನ್ಸ್ ಉಡುಪಿನ ತಯಾರಿಕೆಗೆ ಹೆಸರಾದದ್ದು. ಅಲ್ಲಿಯ ಸಣ್ಣ ಘಟಕಗಳಲ್ಲಿ ಹೊಲಿಯುವವರು ಗಂಟೆಗಟ್ಟಲೆ ಯಂತ್ರದ ಮುಂದೆ ಬಾಗಿ ಕುಳಿತಿರುತ್ತಾರೆ. ಹೀಗೆ ಒಂದೇ ಜಿಲ್ಲೆಯಲ್ಲಿ ಸುಖಕ್ಕಾಗಿ ಕುಳಿತವರು, ಹೊಟ್ಟೆಪಾಡಿಗಾಗಿ ಕುಳಿತವರು, ಹೊಟ್ಟೆಪಾಡಿಗಾಗಿ ಹೊರೆ ಹೊತ್ತವರು ಎಂದು ಮೂರು ಬಗೆಯ ದೇಹಗಳಿವೆ. ಇದೇ ಜಿಲ್ಲೆಯ ತೋರಣಗಲ್ಲಿನ ಸಮೀಪ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ದೇಶದ ಶ್ರೇಷ್ಠ ಕ್ರೀಡಾಪಟುಗಳು ತರಬೇತಿ ಪಡೆಯುತ್ತಾರೆ; ಅದು ಹೆಮ್ಮೆಯ ವಿಷಯವೇ. ಆದರೆ ಪದಕದ ದೇಹಕ್ಕೆ ದೊರೆಯುವ ಲೆಕ್ಕಾಚಾರದ ಒಂದಂಶವಾದರೂ, ಅಂದರೆ ಎಷ್ಟು ಶ್ರಮ, ಎಷ್ಟು ವಿಶ್ರಾಂತಿ, ಎಷ್ಟು ನೀರು ಎಂಬ ಎಣಿಕೆಯಾದರೂ, ಹಮಾಲನ ದೇಹಕ್ಕೆ ದೊರೆಯಬೇಡವೇ?

ಈ ಕಡೆಯಲ್ಲಿ ಜೈನ ಶಾಸ್ತ್ರವು ಯಾವ ಆಧುನಿಕ ಯೋಜನೆಗಿಂತಲೂ ಮುಂದೆ ಹೋಗಿದೆ. ದಿಗಂಬರ, ಶ್ವೇತಾಂಬರ ಎರಡೂ ಸಂಪ್ರದಾಯಗಳಿಗೆ ಮಾನ್ಯವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ನಾಲ್ಕನೆಯದಾದ ಅತಿಭಾರಾರೋಪಣವನ್ನು ಪ್ರವಚನಗಳಲ್ಲಿ ಎತ್ತು, ಕುದುರೆ, ಕತ್ತೆಗಳ ದೃಷ್ಟಾಂತದಿಂದ ವಿವರಿಸಿ ಮುಗಿಸುವುದುಂಟು. ಎತ್ತಿನ ಗಾಡಿಗಳು ಹೋಗಿ ಟ್ರ್ಯಾಕ್ಟರುಗಳು ಬಂದುದರಿಂದ ಆ ಅತಿಚಾರವು ಹಳೆಯ ಕಾಲದ್ದೆಂದು ಅನೇಕರು ನೆಮ್ಮದಿಯಿಂದ ಇದ್ದಾರೆ. ಮನುಷ್ಯನಿಗೂ ಪಂಚೇಂದ್ರಿಯಗಳಿವೆ, ಅವನಿಗೂ ಬೆನ್ನುಮೂಳೆಯಿದೆ ಎಂಬುದು ಮಾತ್ರ ಮರೆತುಹೋಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ, ಒಬ್ಬ ವಯಸ್ಕ ಗಂಡಸು ಹೊರುವ ಭಾರವು 55 ಕಿಲೋ ಮೀರಿದ್ದರೆ ಅದನ್ನು ಆದಷ್ಟು ಬೇಗ ತಗ್ಗಿಸಬೇಕೆಂದು ಶಿಫಾರಸು ಮಾಡಿತು. 55ಕ್ಕೂ 75ಕ್ಕೂ ನಡುವಿನ ಅಂತರ 20 ಕಿಲೋ. ವ್ರತಧಾರಿಯಾದ ವರ್ತಕನು ತನ್ನ ಹೃದಯದ ಸಲುವಾಗಿ ಬೆಳಿಗ್ಗೆ ಮೈದಾನದಲ್ಲಿ ನಡೆದು ಬಂದು, ಮಧ್ಯಾಹ್ನ ತನ್ನ ಮಳಿಗೆಯ ಮುಂದೆ ಆ 20 ಕಿಲೋವನ್ನು ಇನ್ನೊಬ್ಬನ ಬೆನ್ನಿನ ಮೇಲೆ ಹೇರಿಸಿದರೆ, ಅವನ ದಿನದ ಲೆಕ್ಕ ಸರಿಹೊಂದುವುದು ಹೇಗೆ?

ಇದಕ್ಕೆ ಮಾರುಕಟ್ಟೆಯವರು ಕೊಡುವ ಉತ್ತರದಲ್ಲಿಯೂ ಸತ್ಯದ ಅಂಶವಿದೆ, ಅದನ್ನು ಕೇಳಬೇಕು. ಹಮಾಲನಿಗೆ ಕೂಲಿ ಸಿಗುವುದು ಚೀಲದ ಲೆಕ್ಕದಲ್ಲಿ. 75 ಕಿಲೋದ ನೂರು ಚೀಲಗಳ ಮಾಲನ್ನು 50 ಕಿಲೋ ಚೀಲಗಳಿಗೆ ತುಂಬಿದರೆ ಅದು ನೂರೈವತ್ತು ಚೀಲವಾಗುತ್ತದೆ. ಚೀಲದ ದರ ಹಾಗೆಯೇ ಉಳಿದರೆ ವರ್ತಕನ ಹಮಾಲಿ ಖರ್ಚು ಒಂದೂವರೆ ಪಟ್ಟು ಆಗುತ್ತದೆ. ದರವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿದರೆ ವರ್ತಕನಿಗೆ ನಷ್ಟವಿಲ್ಲ; ಆದರೆ ಹಮಾಲನು ಅದೇ ಕೂಲಿಗೆ ಐವತ್ತು ಸಲ ಹೆಚ್ಚು ನಡೆಯಬೇಕು. ಒಬ್ಬ ವರ್ತಕನು ಮಾತ್ರ ಧರ್ಮಕ್ಕೆ ಕಟ್ಟುಬಿದ್ದು ಹೆಚ್ಚು ಖರ್ಚು ಮಾಡಿದರೆ ಪಕ್ಕದ ಅಂಗಡಿಯವನು ಅಗ್ಗಕ್ಕೆ ಮಾರುತ್ತಾನೆ. ಇವೆಲ್ಲ ನಿಜ. ಆದರೆ ಇದು ವ್ರತವನ್ನು ಬಿಡಲು ಕಾರಣವಾಗದೆ, ಒಬ್ಬಂಟಿಯಾಗಿ ಪಾಲಿಸದೆ ಸಮುದಾಯವಾಗಿ ಪಾಲಿಸಲು ಕಾರಣವಾಗಬೇಕು. ಸರ್ಕಾರದ ಆಹಾರಧಾನ್ಯಗಳ ಗೋಣಿಚೀಲ 50 ಕಿಲೋದ್ದೇ ಆಗಿರುವಾಗ, ಅಷ್ಟು ಭಾರದ ಚೀಲದಿಂದ ವ್ಯಾಪಾರ ನಡೆಯದೆಂಬ ಮಾತಿಗೆ ಆಧಾರವಿಲ್ಲ. ಒಂದು ಪೇಟೆಯ ವರ್ತಕರೆಲ್ಲ ಸೇರಿ ಚೀಲದ ತೂಕವನ್ನು ಇಳಿಸಿ, ದರವನ್ನು ತೂಕಕ್ಕೆ ಸರಿಯಾಗಿ ಇಳಿಸದೆ ನಡುವಿನ ಒಂದು ಮಟ್ಟಕ್ಕೆ ನಿಲ್ಲಿಸಿದರೆ, ಖರ್ಚಿನ ಏರಿಕೆ ಎಲ್ಲರಿಗೂ ಸಮನಾಗುತ್ತದೆ. ತಳ್ಳುಗಾಡಿ, ಹಲಗೆಯ ಇಳಿಜಾರು, ಲಾರಿಯ ಎತ್ತರಕ್ಕೆ ಕಟ್ಟಿದ ಕಟ್ಟೆ ಇವುಗಳಿಗೆ ಆಗುವ ವೆಚ್ಚ ಒಂದೇ ಸಲದ್ದು. ಉಳಿದ ಖರ್ಚನ್ನು ಯಾವ ಬಾಬಿಗೆ ಬರೆಯಬೇಕೆಂದು ಕೇಳಿದರೆ, ಅಹಿಂಸಾಣುವ್ರತದ ಬಾಬಿಗೆ ಬರೆಯಬೇಕೆಂದೇ ಹೇಳಬೇಕಾಗುತ್ತದೆ. ವ್ರತಕ್ಕೆ ಬೆಲೆ ತೆರಬೇಕಾಗಿ ಬಂದಾಗಲೇ ಅದು ವ್ರತವಾಗುವುದು.

ಆದುದರಿಂದ ಜನರನ್ನು ಚಟುವಟಿಕೆಗೆ ಹಚ್ಚುವ ಯೋಜನೆಗೆ ಎರಡು ಕೈಗಳಿರಬೇಕು: ಒಂದು ಕುಳಿತವನನ್ನು ಎಬ್ಬಿಸುವ ಕೈ, ಇನ್ನೊಂದು ಹೊತ್ತವನ ಹೊರೆಯನ್ನು ಇಳಿಸುವ ಕೈ. ಎರಡನೆಯದು ಇಲ್ಲದ ಯೋಜನೆಯು ಅನುಕೂಲಸ್ಥರ ಹವ್ಯಾಸವಾಗಿ ಉಳಿಯುತ್ತದೆ. ಈ ದೃಷ್ಟಿಯಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ದೇವಸ್ಥಾನದ ಟ್ರಸ್ಟುಗಳೂ ಸಮಾಜದ ಸಂಘಗಳೂ ಮಾಡಬಹುದಾದ ಕೆಲಸ ಸಾಕಷ್ಟಿದೆ.

ಮೊದಲನೆಯದು ಸ್ಥಳದ ಪ್ರಶ್ನೆ. ನಗರಗಳಲ್ಲಿ ಫುಟ್‌ಪಾತುಗಳು ಅಂಗಡಿಯ ಸಾಮಾನಿಗೂ ಬೈಕುಗಳಿಗೂ ಮೀಸಲಾಗಿವೆ. ಸ್ವಂತ ಅಂಗಡಿಯ ಮುಂದಿನ ಮೂರು ಅಡಿ ಸಾರ್ವಜನಿಕ ದಾರಿಯನ್ನು ಸರಕಿನಿಂದ ಮುಚ್ಚಿ, ಸಂಜೆ ಆರೋಗ್ಯ ಶಿಬಿರಕ್ಕೆ ದೇಣಿಗೆ ಕೊಡುವುದರಲ್ಲಿ ಅರ್ಥವಿಲ್ಲ. ಆ ಮೂರು ಅಡಿಯನ್ನು ಬಿಟ್ಟುಕೊಡುವುದೇ ಮೊದಲ ದೇಣಿಗೆ, ಪರಿಗ್ರಹಪರಿಮಾಣದ ಮೊದಲ ಪಾಠ. ದೊಡ್ಡ ಊರುಗಳು ಈ ದಿಕ್ಕಿನಲ್ಲಿ ಕೆಲವು ಪ್ರಯೋಗಗಳನ್ನು ಮಾಡಿವೆ. ಬೆಂಗಳೂರಿನಲ್ಲಿ 2013ರಿಂದ ಸೈಕಲ್ ದಿನಗಳನ್ನು ನಡೆಸಿ ಕೆಲವು ಬೀದಿಗಳನ್ನು ಭಾನುವಾರ ಬೆಳಿಗ್ಗೆ ವಾಹನಗಳಿಂದ ಬಿಡಿಸಲಾಯಿತು. ಮೈಸೂರಿನಲ್ಲಿ 2017ರ ಜೂನಿನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು. ದಕ್ಷಿಣ ಅಮೆರಿಕದ ಬೊಗೋಟಾ ನಗರವು 1970ರ ದಶಕದಿಂದಲೂ ಭಾನುವಾರ ಮತ್ತು ರಜಾದಿನಗಳಲ್ಲಿ ಮುಖ್ಯ ರಸ್ತೆಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುತ್ತಿದೆ. ಈಗ ಅದರ ಉದ್ದ 120 ಕಿಲೋಮೀಟರಿಗೂ ಹೆಚ್ಚು. ಸಿರುಗುಪ್ಪ, ಕುರುಗೋಡುಗಳಂತಹ ಊರಿಗೆ ಅಷ್ಟೆಲ್ಲ ಬೇಕಾಗಿಲ್ಲ. ವಾರಕ್ಕೊಂದು ಬೆಳಿಗ್ಗೆ ಒಂದು ಬೀದಿ, ದಿನಕ್ಕೆರಡು ಗಂಟೆ ಒಂದು ಅಂಗಳ ಸಾಕು.

ಆ ಅಂಗಳ ಯಾರಲ್ಲಿದೆ? ಕಲ್ಯಾಣಮಂಟಪ, ಧರ್ಮಶಾಲೆ, ವಿದ್ಯಾಲಯಗಳ ಗೋಡೆಯೊಳಗಿನ ಬಯಲು ಬಹುಪಾಲು ದಿನ ಬೀಗ ಹಾಕಿಕೊಂಡಿರುತ್ತದೆ. ಮದುವೆಗೆ ಬಾಡಿಗೆ ಬರುವ ದಿನಗಳನ್ನು ಬಿಟ್ಟು ಉಳಿದ ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಅದರ ಬಾಗಿಲನ್ನು ಜಾತಿಮತಗಳನ್ನು ಕೇಳದೆ ತೆರೆದಿಟ್ಟರೆ ಟ್ರಸ್ಟಿಗೆ ಆಗುವ ಖರ್ಚು ಒಬ್ಬ ಕಾವಲುಗಾರನ ಎರಡು ಗಂಟೆಯ ಸಂಬಳ ಮತ್ತು ಒಂದು ಕುಡಿಯುವ ನೀರಿನ ವ್ಯವಸ್ಥೆ ಮಾತ್ರ. ಇದರಿಂದ ಹೆಚ್ಚಿನ ಲಾಭ ಹೆಂಗಸರಿಗೆ. ಮೇಲೆ ಹೇಳಿದ ಅಂಕಿಗಳಲ್ಲಿ ಹೆಂಗಸರು ಹಿಂದಿರುವುದಕ್ಕೆ ಅವರ ಆಲಸ್ಯವನ್ನು ಕಾರಣವೆನ್ನುವವರು ಅಡುಗೆಮನೆಯ ಗಡಿಯಾರವನ್ನು ನೋಡಿರಲಾರರು. ಬೆಳಿಗ್ಗೆ ಗಂಡಸರು ಮೈದಾನಕ್ಕೆ ಹೋಗುವ ಹೊತ್ತಿನಲ್ಲಿಯೇ ಮಕ್ಕಳ ಡಬ್ಬಿ, ಹಿರಿಯರ ಕಷಾಯ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಬೇಕಾದ ಮನೆಯ ಸಿದ್ಧತೆ ಎಲ್ಲವೂ ಅವರ ಮೇಲಿರುತ್ತವೆ. ನಡೆಯಲು ಬಿಡುವೂ ಇಲ್ಲ, ನಿರ್ಭಯವಾದ ಜಾಗವೂ ಇಲ್ಲ. ಜಾಗವನ್ನು ಟ್ರಸ್ಟು ಕೊಡಬಹುದು. ಬಿಡುವನ್ನು ಮನೆಯ ಗಂಡಸರೇ ಕೊಡಬೇಕು. ವಾರಕ್ಕೆ ಮೂರು ಬೆಳಿಗ್ಗೆ ಡಬ್ಬಿ ಕಟ್ಟುವ ಕೆಲಸವನ್ನು ಗಂಡನೋ ಮಗನೋ ವಹಿಸಿಕೊಂಡರೆ ಅದೂ ಒಂದು ವ್ಯಾಯಾಮವೇ.

ಎರಡನೆಯದು ವಯಸ್ಸಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಗಳಂತೆ ಶಾಲೆಯ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. 65 ದಾಟಿದವರಿಗೆ ಇದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ತೋಲನ ಮತ್ತು ಶಕ್ತಿಯ ಅಭ್ಯಾಸಗಳು ಬೇಕು. ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಬೇಕಾದರೆ ಇದೇ ದಾರಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಪ್ರಸಿದ್ಧವಾದ ಲೆಕ್ಕವು ಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಆ ಸಂಖ್ಯೆಗೆ ಹೆದರಿ ಹಿರಿಯರು ಮನೆಯಲ್ಲಿಯೇ ಕುಳಿತುಕೊಳ್ಳಬೇಕಾಗಿಲ್ಲ. ಚೈತ್ಯಾಲಯದ ಪ್ರದಕ್ಷಿಣೆಯನ್ನು ಮೂರರ ಬದಲು ಹನ್ನೆರಡು ಮಾಡಿದರೂ ಆರಂಭವಾಗುತ್ತದೆ. ನೆಲದ ಮೇಲೆ ಕುಳಿತು ಏಳುವುದು, ಪಂಚಾಂಗ ನಮಸ್ಕಾರ ಮಾಡುವುದು ಹಿರಿಯರಿಗೆ ಪೂಜೆಯ ಅಂಗವಾಗಿ ಒದಗಿದ ಅಭ್ಯಾಸಗಳೇ. ಬಸದಿಯಲ್ಲಿ ಸಾಲುಸಾಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಸುವ ದಾನಿಗಳು, ನಿಜವಾಗಿ ಕಾಲು ಬಾರದವರಿಗೆ ಅವು ಬೇಕೆಂಬುದನ್ನು ಒಪ್ಪಿದರೂ, ಕೂಡಬಲ್ಲವರನ್ನೂ ಅವು ನೆಲದಿಂದ ದೂರ ಮಾಡುತ್ತಿವೆಯೇ ಎಂದು ಯೋಚಿಸಬೇಕು. ಮಕ್ಕಳಿಗಾದರೋ ಬಳ್ಳಾರಿಯ ಕೋಟೆಯ ಗುಡ್ಡ, ಕುರುಗೋಡಿನ ಬೆಟ್ಟದ ಸಾಲು, ಅಲ್ಲಿಯ ಏಕಶಿಲೆಯ ದೊಡ್ಡ ನಂದಿಯ ಗುಡಿ, ಸಂಗನಕಲ್ಲಿನ ನವಶಿಲಾಯುಗದ ನೆಲೆ ಇವೆಲ್ಲ ಹತ್ತಿ ನಡೆದು ನೋಡಬೇಕಾದ ಪಾಠಗಳಾಗಿವೆ. ಪಾಠಶಾಲೆಯ ಮಕ್ಕಳನ್ನು ತಿಂಗಳಿಗೊಮ್ಮೆ ಅಲ್ಲಿಗೆ ಕರೆದೊಯ್ಯುವುದಕ್ಕೆ ಬಸ್ಸಿನ ಬಾಡಿಗೆಯೊಂದನ್ನು ಬಿಟ್ಟು ಬೇರೆ ಬಂಡವಾಳ ಬೇಡ.

ಮೂರನೆಯದು ಹೊರೆಯ ಪ್ರಶ್ನೆ. ಚೀಲದ ತೂಕದ ವಿಷಯ ಹೇಳಿಯಾಗಿದೆ. ಅದರ ಜೊತೆಗೆ ಗಿರಣಿ, ಮಳಿಗೆಗಳ ಬಳಿ ನೆರಳು, ತಣ್ಣೀರು, ಬಿಸಿಲಿನ ಗಂಟೆಗಳಲ್ಲಿ ಕೆಲಸಕ್ಕೆ ವಿರಾಮ ಇವು ಬೇಕು. ಇವನ್ನು ದಾನವೆಂದು ಬಗೆಯದೆ, ಅನ್ನಪಾನನಿರೋಧವೆಂಬ ಐದನೆಯ ಅತಿಚಾರದಿಂದ ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯವೆಂದು ಬಗೆಯುವುದು ಯುಕ್ತ. ಹೊಲಿಗೆಯ ಘಟಕಗಳಲ್ಲಿ ಎರಡು ಗಂಟೆಗೊಮ್ಮೆ ಐದು ನಿಮಿಷ ಎದ್ದು ನಿಂತು ಕೈಕಾಲು ಆಡಿಸುವ ಪದ್ಧತಿಯನ್ನು ಮಾಲೀಕನೇ ಮುಂದೆ ನಿಂತು ರೂಢಿಗೆ ತರಬಹುದು. ಟ್ರಸ್ಟಿನ ಅಂಗಳದಲ್ಲಿ ಯೋಗ ಶಿಕ್ಷಕರು ಬರುವುದಾದರೆ ವಾರಕ್ಕೊಂದು ಸಂಜೆ ಬೆನ್ನುನೋವಿನ ಶುಶ್ರೂಷೆಗೆಂದು ಹಮಾಲರನ್ನೂ ನಾಟಿಯ ಹೆಂಗಸರನ್ನೂ ಕರೆಯಬಹುದು. ಅವರಿಗೆ ಬೇಕಾದದ್ದು ಇನ್ನಷ್ಟು ದಣಿವಲ್ಲ, ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಅಭ್ಯಾಸ ಮತ್ತು ನಿದ್ರೆ.

ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನೇ ಅದರ ಬೇರೆಂದು ಗುರುತಿಸುತ್ತದೆ. ತನ್ನ ದೇಹದ ವಿಷಯದಲ್ಲಿ ಪ್ರಮತ್ತನಾದವನು ಕುಳಿತಲ್ಲಿಯೇ ಕೆಡುತ್ತಾನೆ. ಇತರರ ದೇಹದ ವಿಷಯದಲ್ಲಿ ಪ್ರಮತ್ತನಾದವನು ಅವರನ್ನು ಹೊರೆಯ ಅಡಿಯಲ್ಲಿ ಕೆಡಿಸುತ್ತಾನೆ. ಎರಡಕ್ಕೂ ಔಷಧವು ಎಚ್ಚರವೊಂದೇ. ಮುಂದಿನ ಚಾತುರ್ಮಾಸದ ಸಿದ್ಧತೆಗಾಗಿ ಟ್ರಸ್ಟುಗಳ ಸಭೆ ಸೇರುವಾಗ ಶಾಮಿಯಾನ, ಪ್ರಭಾವನೆ, ಭೋಜನಶಾಲೆಗಳ ಅಂದಾಜು ಪಟ್ಟಿಯ ಕೊನೆಯಲ್ಲಿ ಎರಡು ವಿಷಯಗಳು ಸೇರಿಕೊಳ್ಳಲಿ: ಅಂಗಳದ ಬಾಗಿಲನ್ನು ಎಷ್ಟು ಗಂಟೆಗೆ ತೆರೆಯಬೇಕು, ಸದಸ್ಯರ ಮಳಿಗೆಗಳಲ್ಲಿ ಚೀಲ ಎಷ್ಟು ಕಿಲೋದ್ದಿರಬೇಕು. ಮೊದಲನೆಯದನ್ನು ಒಂದೇ ಸಭೆಯಲ್ಲಿ ನಿರ್ಣಯಿಸಬಹುದು. ಎರಡನೆಯದಕ್ಕೆ ಹಲವು ಸಭೆಗಳು ಬೇಕಾಗಬಹುದು; ಗಿರಣಿಯವರೊಡನೆ, ಹಮಾಲರ ಸಂಘದವರೊಡನೆ, ಬೇರೆ ಸಮಾಜದ ವರ್ತಕರೊಡನೆ ಕುಳಿತು ಮಾತನಾಡಬೇಕಾಗಬಹುದು. ಚಾತುರ್ಮಾಸದ ನಾಲ್ಕು ತಿಂಗಳುಗಳು ಅಷ್ಟು ಮಾತುಕತೆಗೆ ಸಾಕಾಗುವಷ್ಟು ದೀರ್ಘವಾಗಿವೆ.